ಒಂದು ಕಂಪ್ಯೂಟರಿಗೆ ಮೂರು ಕಾವಲು

ಬೆರಳಚ್ಚು ಶಾಲೆಯ ಮುಂದಿನ ಕೋಣೆ
ಭಾನುವಾರ, ೧೪ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೋರ್ಟಿನಲ್ಲಿ ದಿನವಿಡೀ ಬರೆದು ಬರೆದು ಮಣಿಕಟ್ಟು ಊದಿಕೊಂಡಿದೆ ಎಂದಿದ್ದೆ, ಈಗ ಪರವಾಗಿಲ್ಲವೇ? ಭಾವನ ಮಂಡಿನೋವು ಎಲ್ಲಿಗೆ ಬಂತು? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ ಮರುದಿನವೇ ನೀರಿನ ಟ್ಯಾಂಕು ನೋಡಲು ತಾರಸಿ ಹತ್ತಿದ ಪುಣ್ಯಾತ್ಮ, ಅವರಿಗೆ ಯಾರು ಬುದ್ಧಿ ಹೇಳುವುದು. ಇಲ್ಲಿ ನನ್ನವಳಿಗೆ, ಅದೇ ನಿನ್ನ ನಾದಿನಿಗೆ, ನೆಗಡಿ. ನನಗೆ ಏನೂ ಆಗಿಲ್ಲ. ಏನೂ ಆಗದಿರುವುದೇ ನನ್ನ ಕಾಯಿಲೆ ಎನ್ನುತ್ತಾಳೆ ಅವಳು. ಅಪ್ಪ ಹೋಗಿ ಹನ್ನೊಂದು ತಿಂಗಳಾದರೂ ನಾನು ಒಂದು ಸಲವೂ ಅತ್ತಿಲ್ಲವಂತೆ. ಇರಬಹುದು. ಬೆಳಿಗ್ಗೆ ಬೀಗದ ಅಂಗಡಿ ತೆಗೆಯುತ್ತೇನೆ, ಹತ್ತು ಹನ್ನೆರಡು ಕೀಲಿಕೈ ಉಜ್ಜುತ್ತೇನೆ, ಅಂಗಡಿ ಮುಚ್ಚುತ್ತೇನೆ, ಊಟ ಮಾಡುತ್ತೇನೆ. ಉಪ್ಪು ಸರಿಯಾಗಿದೆಯಾ ಎಂದು ಕೇಳಿದರೆ ಸರಿಯಾಗಿದೆ ಎನ್ನುತ್ತೇನೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನೀನು ನನ್ನನ್ನು ಕೇಳಿದ್ದು ಒಂದೇ ಒಂದು. ಮಣ್ಣು ಮಾಡಿದ ದಿನ ಸಂಜೆ ಬಸ್ಸಿಗೆ ಹೊರಟವಳು ಮೆಟ್ಟಿಲ ಮೇಲೆ ನಿಂತು, ‘ನಂಗೆ ಮನೇನೂ ಬೇಡ, ಶಾಲೇನೂ ಬೇಡ ಕಣೋ. ಕಂಪ್ಯೂಟರಲ್ಲಿ ಅಪ್ಪನ ದನಿ ಇದೆಯಲ್ಲ, ಅದೊಂದು ಜೋಪಾನ ಮಾಡು, ನಾನೇ ಬಂದು ತಗೊಂಡು ಹೋಗ್ತೀನಿ’ ಅಂದೆ. ಅಕ್ಕಾ, ಅದು ಹೋಯಿತು. ನಲವತ್ತೊಂದು ಡಿಕ್ಟೇಷನ್‌ಗಳೂ ಹೋದವು. ಕಳೆದದ್ದು ನಾನೇ.

ನೀನು ಅಪ್ಪನ ಈ ಶಾಲೆ ಬಿಟ್ಟು ಕೋರ್ಟಿನ ಕೆಲಸಕ್ಕೆ ಹೋದ ಮೇಲೆ ಶೀಘ್ರಲಿಪಿ ಕಲಿಯುವವರಿಗೆ ಡಿಕ್ಟೇಷನ್ ಕೊಡಲು ಅಪ್ಪನಿಗೆ ಬೇರೆ ಯಾರೂ ಇರಲಿಲ್ಲ. ಉಸಿರು ಸಾಲದಾದಾಗ ಎಲ್ಲವನ್ನೂ ಮೈಕಿನ ಮುಂದೆ ಕೂತು ಓದಿ ತುಂಬಿಸಿದರು. ಹಳೆಯ ವಿದ್ಯಾರ್ಥಿಯೊಬ್ಬ ಅದಕ್ಕೊಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದ. ನಂಬರು ಒತ್ತಿದರೆ ಸಾಕು, ಅಪ್ಪ ಗಂಟಲು ಸರಿಮಾಡಿಕೊಂಡು, ಪೆನ್ಸಿಲನ್ನು ಮೇಜಿಗೆ ಎರಡು ಸಲ ಕುಟ್ಟಿ, ‘ಸಿದ್ಧವೇ?’ ಎಂದು ಶುರು ಮಾಡುತ್ತಿದ್ದರು. ಕೂತು ಕೇಳುವವರೆಲ್ಲ ಪುಸ್ತಕ ಬಿಚ್ಚುತ್ತಿದ್ದರು. ನಿನ್ನ ವಿಷಯ ಮಾತ್ರ ಅವರ ಬಾಯಲ್ಲಿ ಬರಲಿಲ್ಲ. ‘ಹೋದವರು ಹೋದ ಹಾಗೆ’ ಎಂದು ಆರು ವರ್ಷ ಹಟ ಹಿಡಿದು ಕೂತರು, ನೀನೇನು ಕಡಿಮೆಯೇ, ನೀನೂ ಅವರ ಮಗಳೇ.

ಆ ಕಂಪ್ಯೂಟರಿನಲ್ಲಿ ಮೊದಲೇ ಒಂದು ಆಂಟಿವೈರಸ್ ಇತ್ತು, ಅಪ್ಪ ಹಾಕಿಸಿದ್ದು. ನಾನು ಬೀಗದವನು, ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಬಾಗಿಲಿಗೆ ಒಂದು ಬೀಗಕ್ಕಿಂತ ಎರಡು ವಾಸಿ, ಎರಡಕ್ಕಿಂತ ಮೂರು ವಾಸಿ ಎಂದು ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಹೇಳಿಕೊಂಡೇ ಹೊಟ್ಟೆ ಹೊರೆದಿದ್ದೇನೆ. ಇನ್ನೊಂದು ಆಂಟಿವೈರಸ್ ತಂದು ಹಾಕಿದೆ. ಚಿಕ್ಕಪ್ಪ ಬಂದವರು, ಅವರ ಆಫೀಸಿನವರು ಹಾಕಿಕೊಂಡಿರುವುದೇ ಎಲ್ಲಕ್ಕಿಂತ ಒಳ್ಳೆಯದು ಎಂದರು, ಅದನ್ನೂ ಹಾಕಿದೆ. ವೈರಸ್ ಬರುವುದೇ ಪೆನ್‌ಡ್ರೈವಿನಿಂದ ಎಂದು ಯಾರೋ ಹೇಳಿದ್ದರಿಂದ ಅದನ್ನು ಚುಚ್ಚುವ ತೂತಿಗೆ ಟೇಪು ಅಂಟಿಸಿದೆ. ಹಾಗಾಗಿ ಇನ್ನೊಂದು ಪ್ರತಿ ಮಾಡಿಡುವ ಮಾತೇ ಬರಲಿಲ್ಲ. ನಗಬೇಡ. ನಕ್ಕರೂ ಸರಿ.

ಬೀಗಗಳು ತಮ್ಮ ಪಾಡಿಗೆ ತಾವು ಇರುತ್ತವೆ, ಇವು ಇರಲಿಲ್ಲ. ಕಂಪ್ಯೂಟರು ತೆರೆದುಕೊಳ್ಳಲು ಅರ್ಧ ಗಂಟೆ ಬೇಕಾಯಿತು. ಒಳಗಿನ ಫ್ಯಾನು ಒಂದೇ ಸಮನೆ ಕಿರುಚುತ್ತಿತ್ತು. ಒಂದು ಚೀಟಿ ಮುಚ್ಚಿದರೆ ಇನ್ನೊಂದು ಚೀಟಿ ಪರದೆಯ ಮೇಲೆ ಬರುತ್ತಿತ್ತು, ಅಪಾಯ, ಅಪಾಯ ಎಂದು. ರಿಪೇರಿಯವರನ್ನು ಕರೆಸಿದೆ, ಒಬ್ಬ ಹೆಂಗಸು ಬಂದರು. ಆ ಹೆಂಗಸು ಕೂತು ನೋಡಿ, ‘ಏನ್ ಸಾರ್ ಇದು, ಒಂದೇ ಮನೇಲಿ ಮೂರು ಜನ ಯಜಮಾನರು!’ ಅಂದರು. ಪ್ರತಿಯೊಂದರ ಹತ್ತಿರವೂ ಕಳ್ಳರ ಗುರುತಿನ ಪಟ್ಟಿ ಇರುತ್ತದಂತೆ. ಒಂದರ ಜೇಬಿನಲ್ಲಿ ಆ ಪಟ್ಟಿ ಕಂಡು ಇನ್ನೊಂದು, ಇವನೇ ಕಳ್ಳ ಎಂದು ಹಿಡಿದುಕೊಳ್ಳುತ್ತದಂತೆ. ಒಂದನ್ನು ಇಟ್ಟುಕೊಂಡು ಎರಡನ್ನು ತೆಗೆದುಬಿಡಿ, ಹೇಗೆ ಎಂದು ತೋರಿಸುತ್ತೇನೆ, ನಾಳೆ ಬರುತ್ತೇನೆ ಎಂದು ಹೋದರು. ನಾಳೆಯವರೆಗೆ ನಾನು ಕಾಯಲಿಲ್ಲ.

ಮೊದಲನೆಯದನ್ನು ತೆಗೆಯುವಾಗ ಅದೊಂದು ಪ್ರಶ್ನೆ ಕೇಳಿತು: ಹಿಡಿದಿಟ್ಟಿರುವ ಫೈಲುಗಳನ್ನೂ ಅಳಿಸಬೇಕೇ? ಸೆರೆಯಲ್ಲಿರುವವರೆಲ್ಲ ಕಳ್ಳರೇ ಇರಬೇಕು ಎಂದುಕೊಂಡೆ. ಹೌದು ಎಂದು ಒತ್ತಿದೆ. ಎರಡನೆಯದೂ ಕೇಳಿತು, ಅದಕ್ಕೂ ಹೌದು ಎಂದೆ. ಕಂಪ್ಯೂಟರು ಹಗುರಾಯಿತು, ಫ್ಯಾನು ಸುಮ್ಮನಾಯಿತು. ನನಗೆ ಸಂತೋಷವಾಯಿತು ಎಂದೇ ಹೇಳಬೇಕು. ಆಮೇಲೆ ಒಂದನೇ ನಂಬರು ಒತ್ತಿದೆ. ಏನೂ ಬರಲಿಲ್ಲ. ಆ ಹಳೆಯ ವಿದ್ಯಾರ್ಥಿ ಮನೆಯಲ್ಲೇ ಬರೆದ ಪ್ರೋಗ್ರಾಮಿಗೆ ಯಾವ ಕಂಪನಿಯ ಮುದ್ರೆಯೂ ಇರಲಿಲ್ಲವಲ್ಲ, ಅದನ್ನು ಈ ಕಾವಲಿನವು ಅನುಮಾನದ ಮೇಲೆ ಹಿಡಿದಿಟ್ಟಿದ್ದವು. ಅಪ್ಪನ ದನಿ ಇದ್ದದ್ದೂ ಅದರೊಳಗೇ. ಬೇಲಿಯೇ ಎದ್ದು ಹೊಲ ಮೇಯಿತು ಎನ್ನೋಣವೆಂದರೆ ಬೇಲಿ ಹಾಕಿದವನೂ ನಾನೇ, ಮೇಯಲು ಹೇಳಿದವನೂ ನಾನೇ. ಆ ಹೆಂಗಸು ಎರಡು ದಿನ ಹೆಣಗಿದರು. ಅಳಿಸಿದ ಜಾಗದ ಮೇಲೆ ಉಳಿದ ಮೂರನೆಯ ಆಂಟಿವೈರಸ್ ತನ್ನ ಹೊಸ ಪಟ್ಟಿ ಬರೆದುಕೊಂಡುಬಿಟ್ಟಿದೆಯಂತೆ. ಕೈತೊಳೆದುಕೊಂಡು ಹೋಗುವಾಗ, ‘ಕ್ಷಮಿಸಿ ಸಾರ್’ ಅಂದರು, ಅವರದೇ ತಪ್ಪು ಎನ್ನುವ ಹಾಗೆ.

ಇದೆಲ್ಲ ಆಗಿ ಹದಿನಾರು ದಿನ. ಆಗಲೂ ಅಳು ಬರಲಿಲ್ಲ. ಅಪ್ಪನ ಕುರ್ಚಿಯಲ್ಲಿ ಕೂತು ಆ ತೂತಿನ ಟೇಪು ಕಿತ್ತೆ, ಅಂಟು ಬೆರಳಿಗೆ ಹತ್ತಿಕೊಂಡಿತು, ಅದನ್ನು ಉಜ್ಜುತ್ತಾ ಬಹಳ ಹೊತ್ತು ಕೂತಿದ್ದೆ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಹನ್ನೊಂದು ತಿಂಗಳಲ್ಲಿ ನಾನು ಒಂದೇ ಒಂದು ಡಿಕ್ಟೇಷನ್ ಕೂಡ ಹಾಕಿ ಕೇಳಲಿಲ್ಲ. ಕಾವಲು ಕಾಯುವುದರಲ್ಲೇ ಇದ್ದೆ. ಕೇಳಿದರೆ ಏನಾದರೂ ಆಗಿಬಿಡುತ್ತದೆ ಎಂಬ ಹೆದರಿಕೆಯೂ ಇತ್ತೋ ಏನೋ, ಆಗ ಅದು ಹೆದರಿಕೆ ಎಂದು ಗೊತ್ತಾಗಲಿಲ್ಲ.

ನಿನ್ನ ನಾದಿನಿ ನಮಸ್ಕಾರ ಹೇಳಿದ್ದಾಳೆ. ಭಾವನಿಗೆ ನನ್ನ ನಮಸ್ಕಾರ, ತಾರಸಿ ಹತ್ತಬೇಡಿ ಎಂದು ಹೇಳು. ಬೈಯುವುದಿದ್ದರೆ ಎರಡು ಹಾಳೆ ತುಂಬ ಬೈದು ಬರೆ. ಅಪ್ಪನ ಹಾಗೆ ಸುಮ್ಮನೆ ಮಾತ್ರ ಇದ್ದುಬಿಡಬೇಡ.

ನಿನ್ನ ತಮ್ಮ,
ಗೊಣ್ಣೆ

ತಾ.ಕ., ಮಂಗಳವಾರ ಬೆಳಿಗ್ಗೆ: ಲಕೋಟೆ ಅಂಟಿಸುವ ಮೊದಲು ಇದು. ಮೂರು ಸಲ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಆ ಕೊನೆ ಬೆಂಚಿನವಳು ನೆನಪಿದ್ದಾಳಾ? ನಿನ್ನೆ ಬೀರುವಿನ ಕೀಲಿಕೈ ಮಾಡಿಸಲು ಬಂದಿದ್ದಳು. ವಿಷಯ ಹೇಳಿದೆ. ಮನೆಗೆ ಹೋಗಿ ಅವಳ ಶೀಘ್ರಲಿಪಿಯ ಪುಸ್ತಕ ತಂದುಕೊಟ್ಟಳು. ‘ಎಲ್ಲಾ ಮಾನ್ಯರೇ ಅಂತ ಶುರುವಾಗೋದು, ನಲವತ್ತೊಂದನೇದು ಮಾತ್ರ ಮಗಳೇ ಅಂತ. ಸರ್ ಮಧ್ಯೆ ಮಧ್ಯೆ ನಿಲ್ಲಿಸ್ತಿದ್ರು, ಬರೆಯೋಕೆ ಸುಲಭ ಅಂತ ನಾವೆಲ್ಲ ಅದನ್ನೇ ಹಾಕ್ಕೊಳ್ತಿದ್ವಿ’ ಅಂದಳು. ಓದಿ ಹೇಳಲಾ ಎಂದು ಕೇಳಿದಳು, ಬೇಡ ಎಂದೆ. ಆ ನಲವತ್ತೊಂದನೆಯದರ ಮೂರು ಹಾಳೆ ಇದರ ಜೊತೆ ಇವೆ (ಜೆರಾಕ್ಸ್ ಮಾಡಿಸಿಟ್ಟಿದ್ದೇನೆ, ಈಗ ಬುದ್ಧಿ ಬಂದಿದೆ). ನನ್ನ ಕಣ್ಣಿಗೆ ಬರೀ ಬಗ್ಗಿದ ತಂತಿಯ ಚೂರುಗಳು. ಅಪ್ಪ ನಿಲ್ಲಿಸಿದ ಕಡೆಯಲ್ಲೆಲ್ಲ ಅವಳು ಜಾಗ ಬಿಟ್ಟಿದ್ದಾಳೆ, ಅದು ಮಾತ್ರ ನನಗೂ ಓದಲು ಬರುತ್ತದೆ. ಉಳಿದದ್ದು ನಿನಗೆ ಬರುತ್ತದೆ. ಓದಿಕೊಂಡು ಬಾ ಅಕ್ಕಾ. ಅಪ್ಪನ ಕುರ್ಚಿಯಲ್ಲಿ ಕೂತು, ಪೆನ್ಸಿಲ್ ಎರಡು ಸಲ ಕುಟ್ಟಿ, ನನಗೊಂದು ಸಲ ಗಟ್ಟಿಯಾಗಿ ಓದಿ ಹೇಳು. ಈ ಸಲ ಕೇಳಿಸಿಕೊಳ್ಳುತ್ತೇನೆ.