ಪಾಸ್ಕ್ವಾಲಾಳ ಭಕ್ತಿಯಿಂದ

ಏಪ್ರಿಲ್ 9, ಗುರುವಾರ

ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ಚಿತ್ರದ ಬೆನ್ನಿನಲ್ಲಿ ಬರಹವಿತ್ತು. ವರದಿಯಲ್ಲಿ 'ಬರಹ ಇಲ್ಲ' ಎಂದು ಟೈಪ್ ಮಾಡಿದವಳು ನಾನೇ.

ಸೋಮವಾರ ಆ ಚಿತ್ರ ಅಲ್ ಕೂಜ್‌ನಲ್ಲಿ ಹಳೆಯ ಚಿತ್ರಗಳನ್ನು ರಿಪೇರಿ ಮಾಡುವ ನಮ್ಮ ವರ್ಕ್‌ಶಾಪಿಗೆ ಬಂತು. ಪೆರುವಿನದು, ಸ್ಪೇನಿನವರ ಕಾಲದ್ದು. ಮೇರಿ ಮಾತೆ. ಮೇಲುಡುಗೆ ಎರಡೂ ಕಡೆ ಇಳಿದು ಮೈಯೇ ಬೆಟ್ಟದ ಆಕಾರ. ಕೆಂಪಿನ ಮೇಲೆಲ್ಲ ಬಂಗಾರದ ಹೂ. ಕೊಂಡವರು ಅಬುಧಾಬಿಯವರು. ನನ್ನ ಪಾಲಿಗೆ ಕ್ಲೀನಿಂಗ್, ವರದಿ, ಆಮೇಲೆ ಲೈನಿಂಗ್ — ಹಳೆಯ ಕ್ಯಾನ್ವಾಸಿನ ಬೆನ್ನಿಗೆ ಹೊಸ ಬಟ್ಟೆ ಅಂಟಿಸುವುದು. ಅಂಟಿಸಿದ ಮೇಲೆ ಬೆನ್ನು ಯಾರಿಗೂ ಕಾಣುವುದಿಲ್ಲ.

ಕಪ್ಪು ಶಾಯಿಯ ಎರಡು ಸಾಲು. ಫೋನ್ ಅನುವಾದಿಸಿತು: ಪಾಸ್ಕ್ವಾಲಾಳ ಭಕ್ತಿಯಿಂದ, 1741. ಕೆಳಗೆ ಊರು, ಸಾನ್ ಇಲಾರಿಯೋ. ಹಳೆಯ ಮಾಲೀಕಳಿರಬೇಕು ಎಂದುಕೊಂಡೆ. ವರದಿಯ ಕರಡಿನಲ್ಲಿ ಹಾಗೇ ಬರೆದೆ: ಖಾಸಗಿ ಕುಟುಂಬದ್ದು.

ಪ್ಯಾಕಿಂಗ್ ನೋಡಿಕೊಳ್ಳುವ ಮಂಗಳೂರಿನ ಮಾರ್ಟಿನಾ ಓದಿ ನಕ್ಕಳು.

"ಮಾಲೀಕಳಾ? ಎಂತ ನೀನು, ಬಿಂದು! ನಮ್ಮ ಇಗರ್ಜಿಯ ಮೂರನೇ ಬೆಂಚಿನಲ್ಲಿ ಪಪ್ಪನ ಹೆಸರುಂಟು. ಹಾಗಂತ ಬೆಂಚು ಮನೆಗೆ ತಂದು ಊಟಕ್ಕೆ ಕೂತಿದ್ದೇವಾ ಮಾರಾಯ್ತಿ?"

ಆಮೇಲೆ ಅವಳ ನಗು ನಿಂತಿತು. "ಇದು ಇಗರ್ಜಿಗೆ ಕೊಟ್ಟದ್ದು. ಇಲ್ಲಿಗೆ ಹೇಗೆ ಬಂತು?"

ನನಗೆ ಗೊತ್ತಿಲ್ಲದ ವಿಷಯವೇ? ಮೈಸೂರಿನಲ್ಲಿ ನಮ್ಮ ಬೀದಿಯ ರಾಮಮಂದಿರದ ಟ್ಯೂಬ್‌ಲೈಟಿನ ಮೇಲೆ ಅಜ್ಜಿಯ ಹೆಸರಿತ್ತು, ಬೆಳಕೇ ಕಾಣದಷ್ಟು ದೊಡ್ಡದಾಗಿ.

ಮ್ಯಾನೇಜರ್ ಗುರುದತ್ತರ ಬಳಿ ಹೋಗಿ ಬರಹದ ವಿಷಯ ಹೇಳಿದೆ.

"ಪೇಪರ್ ಎಲ್ಲ ಸರಿ ಇದೆಯಲ್ಲ ರೀ? ನಾವು ರಿಪೇರಿಯವರು, ಪೊಲೀಸ್ನೋರಲ್ಲ. ಬರಹ ಇಲ್ಲ ಅಂತ ಹಾಕಿ, ಲೈನಿಂಗ್ ಮಾಡಿ. ಖಲಾಸ್." ಆಮೇಲೆ, "ನಿಮ್ಮ ವೀಸಾ ರಿನ್ಯೂವಲ್ ಈ ತಿಂಗಳೇ ಅಲ್ವಾ?"

ಬೆದರಿಕೆಯೋ, ಕಾಳಜಿಯೋ... ಕೇಳಲಿಲ್ಲ. ಹಾಕಿದೆ.

ಏಪ್ರಿಲ್ 14, ಮಂಗಳವಾರ

ಲೈನಿಂಗ್ ಮುಗಿಯಿತು. ಅಂಟಿಸುವ ಮೊದಲು ಒಂದು ಫೋಟೋ ತೆಗೆದುಕೊಂಡೆ. ಬಿಸಿ ಮಾಡಿದರೆ ಬಿಡುವಂಥ ಅಂಟನ್ನೇ ಬಳಸಿದೆ. ಯಾವಾಗಲೂ ಅದನ್ನೇ ಬಳಸುತ್ತೇನೆ. ಅದಕ್ಕೆ ಆತ್ಮಸಾಕ್ಷಿ ಎಂಬ ಹೆಸರು ಬೇಡ.

ಪೆಟ್ಟಿಗೆ ಮುಚ್ಚುವ ಮೊದಲು ಮಾರ್ಟಿನಾ ಶಿಲುಬೆಯ ಗುರುತು ಮಾಡಿದಳು. ನನ್ನ ಕಡೆ ನೋಡಲಿಲ್ಲ.

ಏಪ್ರಿಲ್ 30

ವೀಸಾ ಆಯಿತು. ಇನ್ನೆರಡು ವರ್ಷ.

ಮೇ 12, ಮಂಗಳವಾರ

ಅಬುಧಾಬಿಗೆ ಹೋಗಿದ್ದೆ, ಗೋಡೆಗೆ ಹಾಕಿದ ಮೇಲಿನ ತಪಾಸಣೆಗೆ. ಎಸಿ ಗಾಳಿ ನೇರ ಬೀಳುತ್ತಿತ್ತು. ಜಾಗ ಬದಲಿಸಲು ಹೇಳಿದೆ. ಮನೆಯಾಕೆ ಒಳ್ಳೆಯವರು. ಖರ್ಜೂರ, ಕಾಫಿ ಕೊಟ್ಟರು.

"ಇಲ್ಲಿಗೆ ಬರುವ ಮೊದಲು ಇವಳು ಎಲ್ಲಿದ್ದಳು?"

ತಿಳಿಯಬೇಕೆಂದೇ ಕೇಳಿದರು. "ದಾಖಲೆ ಇಲ್ಲ" ಎಂದೆ. ಆ ಪ್ರಶ್ನೆಗೆ ಉತ್ತರ ಗೋಡೆಯ ಕಡೆಗೆ ಮುಖ ಮಾಡಿತ್ತು, ನಾನು ಅಂಟಿಸಿದ ಬಟ್ಟೆಯ ಕೆಳಗೆ. ಕಾಫಿ ಪೂರ್ತಿ ಕುಡಿದೆ. ಅದೂ ನೆನಪಿದೆ.

ಮೇ 15, ಶುಕ್ರವಾರ

ಎರಡು ಪತ್ರ. ಒಂದು ಸಾನ್ ಇಲಾರಿಯೋದ ಪಾದ್ರಿಗಳಿಗೆ, ಒಂದು ಆ ಮನೆಯಾಕೆಗೆ. ಎರಡರಲ್ಲೂ ಫೋಟೋ. ಮಗಳು ಹಿತಾ ಇಣುಕಿದಳು: "ಅಮ್ಮಾ, ಹೂ ಈವನ್ ಪೋಸ್ಟ್ಸ್ ಲೆಟರ್ಸ್?" ಆ ಇಗರ್ಜಿಗೆ ಇಮೇಲ್ ಇಲ್ಲ. ವಿಳಾಸ ಹುಡುಕಿಕೊಟ್ಟವಳು ಮಾರ್ಟಿನಾ. ಸಂಜೆ ಮನೆಗೆ ಬಂದು ಪತ್ರ ಓದಿ, ಕೊನೆಯ ಖಾಲಿ ಜಾಗಕ್ಕೆ ಬೆರಳಿಟ್ಟಳು.

"ಹೆಸರು?"

"ಕೆಲಸ ಹೋಗುತ್ತೆ ಮಾರ್ಟಿನಾ. ವೀಸಾನೂ."

"ಹೋದೀತು. ಪಾಸ್ಕ್ವಾಲಾ ಹಾಕಿದ್ದಾಳಲ್ಲ. ನಿನಗೆಂತ?"

ಕೊಟ್ಟವಳಿಗೆ ಹೆಸರು ಬರೆಸುವುದು ಸುಲಭ, ಮುಚ್ಚಿದವಳಿಗೆ ಅಲ್ಲ. ಒಂದು ಸಾಲು ಸೇರಿಸಿದೆ: ವರದಿಯಲ್ಲಿ ಸುಳ್ಳು ಬರೆದವಳು ನಾನು. ಕೆಳಗೆ ಪೂರ್ತಿ ಹೆಸರು.

ಮೇ 18, ಸೋಮವಾರ

ಎರಡೂ ಪತ್ರ ಅಂಚೆಗೆ ಹಾಕಿದೆ.