ಲೇಸು ಪೋಣಿಸಿ ಕೊಟ್ಟ ಬೂಟುಗಳು

ಮಾನ್ಯ ಕ್ರೀಡಾ ನಿರ್ದೇಶಕರೇ,

ಈ ವಯಸ್ಸಿನಲ್ಲಿ ನನ್ನ ಕೈಯಿಂದ ಕಾಗದ ಬರೆಸಿದಿರಲ್ಲ, ಅದೇ ನಿಮ್ಮ ಮೇಲೆ ನನ್ನ ಮೊದಲ ದೂರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಮಿಷನ್ನಿಗೆ ಕೂತವಳು ನಾನು. ಪೆನ್ನು ಹಿಡಿದರೆ ಬೆರಳು ಸೆಟೆದುಕೊಳ್ಳುತ್ತದೆ. ಬಾಯಲ್ಲೇ ಹೇಳಿ ಹೋಗೋಣವೆಂದು ನಿಮ್ಮ ಕಚೇರಿಗೆ ಬಂದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದರು. ಗಾಜಿನ ಬಾಗಿಲಾಚೆ ನೀವೊಬ್ಬರೇ ಕೂತು ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದದ್ದು ಕಾಣುತ್ತಿತ್ತು. ಮೀಟಿಂಗು ಬಿಸ್ಕತ್ತಿನ ಜೊತೆಯೇನೋ! ಇರಲಿ, ಕಾಗದದಲ್ಲೇ ಬರೆಯುತ್ತೇನೆ, ಊರೇ ಓದಲಿ. ವಿಷಯ ಇಷ್ಟು: ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡದ ಕೋಚಮ್ಮನನ್ನು ನೀವು ಮನೆಗೆ ಕಳಿಸಿದಿರಿ. ಶನಿವಾರ ಗೋಲು ಕಾಯಲು ನಿಲ್ಲುವ ನನ್ನ ಮೊಮ್ಮಗಳು ಮನೆಗೆ ಹೇಗೆ ವಾಪಸು ಬರುತ್ತಾಳೋ ಅನ್ನುವ ಭಯ ನನ್ನನ್ನು ತಿನ್ನುತ್ತಿದೆ.

ಆ ತಂಡದ ಮೊದಲ ಅಂಗಿಗಳಿಗೆ ನಂಬರು ಹೊಲಿದವಳು ನಾನೇ, ಹಾಗಾಗಿ ಕೋಚಮ್ಮನನ್ನು ಶುರುವಿನಿಂದ ಬಲ್ಲೆ. ಆಕೆ ತಾತ್ಕಾಲಿಕ ಕೆಲಸಕ್ಕೆ ಸೇರಿದಾಗ ಮೈದಾನ ಅನ್ನುವುದು ನಿಮ್ಮವರು ಕಾರು ನಿಲ್ಲಿಸುವ ಜಾಗವಾಗಿತ್ತು. ಹನ್ನೊಂದು ಹುಡುಗಿಯರು ಸಿಗದೆ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವವಳನ್ನೂ ಚಪ್ಪಲಿ ಬಿಚ್ಚಿಸಿ ಆಡಿಸಿದಳು. ಮನೆಮನೆಗೆ ಹೋಗಿ ಅಪ್ಪಂದಿರ ಬೈಗುಳ ತಿಂದಳು. ತಂಡ ಕಪ್ಪು ಗೆದ್ದ ವರ್ಷ ಫೋಟೋದಲ್ಲಿ ನಡುವೆ ನಿಂತವರು ನೀವು, ಅಂಚಿನಲ್ಲಿ ಕಾಣುವ ಅರ್ಧ ಭುಜ ಆಕೆಯದು. ಇಪ್ಪತ್ತೆರಡು ವರ್ಷದಲ್ಲಿ ಖಾಯಂ ಆದದ್ದು ತಾತ್ಕಾಲಿಕ ಅನ್ನುವ ಮಾತೊಂದೇ.

ಆಕೆಗೊಂದು ಪದ್ಧತಿಯಿತ್ತು. ತಲೆಗೆ ಪೆಟ್ಟು ತಿಂದ ಹುಡುಗಿಯ ಬೂಟನ್ನು ಅಲ್ಲೇ ಬಿಚ್ಚಿಸಿ, ಲೇಸು ಎಳೆದು ತೆಗೆದು, ತನ್ನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಡಾಕ್ಟರು ಚೀಟಿ ಕೊಟ್ಟ ಮೇಲೂ ಹುಡುಗಿ ಆಕೆಯೆದುರು ಕೂತು ಲೇಸನ್ನು ತಾನೇ ಪೋಣಿಸಬೇಕು. ಒಂದು ತೂತು ತಪ್ಪಿತೋ, ಬೂಟು ಮತ್ತೆ ಬೀರುವಿಗೆ. ಬೂಟುಗಳ್ಳಿ ಎಂದು ಹುಡುಗಿಯರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಇದೆಲ್ಲ ಯಾಕಮ್ಮ ಎಂದು ನಾನೂ ಕೇಳಿದ್ದೆ. ಡಾಕ್ಟರು ಏನು ಕೇಳುತ್ತಾರೆಂದು ಇವರು ಬಸ್ಸಿನಲ್ಲೇ ಉರುಹೊಡೆದು ಬರುತ್ತಾರೆ, ಬಾಯಿ ಸುಳ್ಳು ಹೇಳುತ್ತದೆ, ಬೆರಳು ಹೇಳುವುದಿಲ್ಲ ಅಂದಳು. ಆಕೆ ಆಡುತ್ತಿದ್ದ ಕಾಲದಲ್ಲಿ ಗೆಳತಿಯೊಬ್ಬಳು ಪೆಟ್ಟು ಬಿದ್ದರೂ ಏನೂ ಆಗಿಲ್ಲವೆಂದು ನಕ್ಕು ಮತ್ತೆ ಮೈದಾನಕ್ಕಿಳಿದಳಂತೆ. ಅದೇ ವಾರ ಎರಡನೇ ಪೆಟ್ಟು. ಆಮೇಲೆ ಅನ್ನ ತಿನ್ನಿಸುತ್ತಿರುವವಳು ತನ್ನ ತಾಯಿ ಎಂಬುದೂ ಅವಳಿಗೆ ಗೊತ್ತಾಗುತ್ತಿರಲಿಲ್ಲವಂತೆ.

ಕಳೆದ ತಿಂಗಳ ಫೈನಲ್ಲಿನಲ್ಲಿ ನನ್ನ ಮೊಮ್ಮಗಳು ಚೆಂಡಿಗೆ ಹಾರಿ ಗೋಲಿನ ಕಂಬಕ್ಕೆ ತಲೆ ಬಡಿಸಿಕೊಂಡಳು. ಕೋಚಮ್ಮ ಅವಳ ಬೂಟು ಬಿಚ್ಚಿಸಿದಳು. ಬದಲಿಗೆ ನಿಂತವಳು ಎರಡು ಗೋಲು ಬಿಟ್ಟಳು, ಕಪ್ಪು ಹೋಯಿತು. ವೇದಿಕೆಯ ಮೇಲೆ ಅತಿಥಿಗಳ ಪಕ್ಕದಲ್ಲಿ ನಿಮ್ಮ ಮಾನ ಹೋಯಿತು. ವಾರದೊಳಗೆ ಆದೇಶ: ಆಟಗಾರ್ತಿಯರ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಂಡದ್ದಕ್ಕೆ ವಜಾ. ಆಹಾ, ಎಂಥ ನ್ಯಾಯ!

ಅಷ್ಟಕ್ಕೇ ಬಿಟ್ಟಿರಾ? ಹೊಸ ಕೋಚನ್ನು ತಂದು, ಬೀರುವಿನ ಬೀಗ ಒಡೆಸಿ, ಬೂಟು ವಾಪಸು ಕೊಡುವ ಸಮಾರಂಭ ಮಾಡಿದಿರಿ. ಒಳಗಿದ್ದದ್ದು ಮೂರು ಜೊತೆ ಬೂಟು, ಒಂದು ನನ್ನ ಮೊಮ್ಮಗಳದು. ಲೇಸಿಲ್ಲದ ಬೂಟು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ನಿಮ್ಮ ಕಚೇರಿಯವರು ಕೆಂಪು ಲೇಸು ತರಿಸಿ ತಾವೇ ಪೋಣಿಸಿಟ್ಟರು. ಲೇಸಿಲ್ಲದ ಬೂಟು ಎಂದರೇನೆಂದು ಯಾರಿಗೂ ಹೊಳೆಯಲಿಲ್ಲವೇ? ವಾಸಿಯಾಗದ ಮೂರು ತಲೆಗಳನ್ನು ತಟ್ಟೆಯಲ್ಲಿಟ್ಟು ಹಂಚಿದಿರಿ ಸ್ವಾಮಿ. ಎಲ್ಲರೂ ಚಪ್ಪಾಳೆ ತಟ್ಟಿದರು.

ಈಗ ನನ್ನ ಮನೆಗೆ ಬನ್ನಿ. ಹುಡುಗಿ ಹಗಲಲ್ಲೂ ಪರದೆ ಎಳೆದು ಕೂರುತ್ತಾಳೆ. ಕೇಳಿದ್ದನ್ನೇ ಕೇಳುತ್ತಾಳೆ. ಭಾನುವಾರ ಗೋಲು ಕಾಯುವಾಗ ಹಾಕುವ ಕೈಗವಸನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಕೊಂಡು, ಇದ್ಯಾಕೆ ಬಿಗಿಯಾಗಿದೆ ಎಂದು ಎಳೆಯುತ್ತಲೇ ಇದ್ದಳು. ನಾನು ನೋಡಿದ್ದು ಗೊತ್ತಾಗಿ ಮೆಲ್ಲಗೆ ಅಂದಳು, “ಯಾರಿಗೂ ಹೇಳ್ಬೇಡ ಅಜ್ಜಿ. ಹೇಳಿದ್ರೆ ಬೆಂಚಲ್ಲಿ ಕೂರಿಸ್ತಾರೆ.”

ಬೂಟು ಬಚ್ಚಿಟ್ಟೆ. ನಿಮ್ಮ ಹೊಸ ಕೋಚು ಅಂಗಡಿಗೆ ಕರೆದೊಯ್ದು ಬೇರೆ ಜೊತೆ ಕೊಡಿಸಿದ, ಧಾರಾಳಿ. ಮೈದಾನಕ್ಕೇ ಹೋಗಿ ಅವನಿಗೆ ಎಲ್ಲ ಹೇಳಿದೆ. ತಂಡದಲ್ಲಿ ಅವಳ ಅಡ್ಡಹೆಸರು ಗೋಡೆ. ಅವನು ನಕ್ಕ. “ಗೋಡೆಗೆ ತಲೆನೋವು ಬರುತ್ತಾ ಅಜ್ಜಿ? ಡಾಕ್ಟರ ಚೀಟಿ ಇದೆ, ಸುಮ್ನೆ ಹೋಗಿ.” ಅವಳಿಗೆ ಹತ್ತೊಂಬತ್ತು, ಒಪ್ಪಿಗೆಗೆ ಅವಳ ಸಹಿಯೇ ಸಾಕಂತೆ. ನಾನು ಯಾವ ಲೆಕ್ಕ?

ಕೋಚಮ್ಮನ ಮನೆಗೂ ಹೋದೆ. ತಲೆಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಕಾಲೇಜಿನ ಗೇಟಿನಲ್ಲಿ ಆಕೆಯನ್ನು ಒಳಗೆ ಬಿಡುವುದಿಲ್ಲವಂತೆ. ಕೈಗವಸಿನ ಸಂಗತಿ ಬಂದಾಗ ನನ್ನ ಕೈ ಹಿಡಿದುಕೊಂಡಳು. “ಶನಿವಾರ ಕಳಿಸ್ಬೇಡಿ ಅಮ್ಮ. ಇನ್ನೊಂದು ಬಿದ್ರೆ…” ಅಂದಳು.

ಇನ್ನು ನೀವು ಹೇಳಿ. ನನ್ನ ಮೊಮ್ಮಗಳನ್ನೂ ಉಳಿದ ಇಬ್ಬರನ್ನೂ ಶನಿವಾರದ ಪಂದ್ಯದಿಂದ ತೆಗೆಯಬೇಕು. ಕೋಚಮ್ಮನನ್ನು ಒಳಗೆ ಕರೆಯಬೇಕು. ಆಗುವುದಿಲ್ಲವೆಂದರೆ, ಆಗುವುದಿಲ್ಲ, ಮುಂದೆ ಆಗುವುದಕ್ಕೆಲ್ಲ ನಾನೇ ಹೊಣೆ ಎಂದು ನಿಮ್ಮ ಕೈಯಾರೆ ಬರೆದು ಸಹಿ ಹಾಕಿ ಕೊಡಿ. ಎರಡರಲ್ಲಿ ಒಂದು, ಹದಿನಾಲ್ಕನೇ ತಾರೀಖು ಗುರುವಾರ ಸಂಜೆಯೊಳಗೆ ನನಗೆ ತಲುಪಬೇಕು.

ಇಂತಿ,
ನಿಮ್ಮ ಸಮಾರಂಭದಲ್ಲಿ ಎಲ್ಲರ ಜೊತೆ ಕೈ ತಟ್ಟಲಾಗದೆ ಕೂತಿದ್ದ ಮುದುಕಿ