ನಮ್ಮ ಉಣ್ಣಿ ಈ ದಡದ್ದೇ

ಉಪದ್ರವಜೀವಿ ಸಮೀಕ್ಷಾ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ, ನಿಮ್ಮ ಉಣ್ಣಿ ನಕ್ಷೆಯಿಂದಾಗಿ ನನ್ನ ಸಂಸಾರ ಒಡೆಯುವುದರಲ್ಲಿತ್ತು. ಈಗ ಒಂದು ಜೀವವೇ ಹೋಗುವುದರಲ್ಲಿದೆ. ಗುಟ್ಟಾಗಿ ಬರೆದ ಅರ್ಜಿಗಳು ನಿಮ್ಮನ್ನು ಮುಟ್ಟಲಿಲ್ಲವಾದ್ದರಿಂದ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಗಂಡ ಬೆತ್ತದ ಕುರ್ಚಿ ಹೆಣೆಯುವವರು. ಬೀಡಾಡಿ ಆಡುಗಳು ಅಡ್ಡಾಡುವ ನಮ್ಮ ಹಿತ್ತಲ ಹುಲ್ಲಿನಲ್ಲೇ ಅವರ ಕೆಲಸ. ಬೇಸಿಗೆಯಲ್ಲಿ ಒಂದು ದಿನ ಅವರ ಮೊಣಕಾಲ ಹಿಂದೆ ಉಣ್ಣಿ ಕಚ್ಚಿಕೊಂಡಿತ್ತು. ಚಿಮಟದಿಂದ ಕಿತ್ತೆ. ಆಮೇಲೆ ಜ್ವರ ಬಂತು. ಉಣ್ಣಿಯನ್ನು ಸೀಸೆಯಲ್ಲಿಟ್ಟು ನಿಮ್ಮ ಕಚೇರಿಗೆ ತಂದೆ. ಗುಮಾಸ್ತರು ಭೂತಗನ್ನಡಿ ಹಿಡಿದು ಜಾತಿ ಗುರುತಿಸಿದರು, ಗೋಡೆಯ ನಕ್ಷೆಗೆ ಕೋಲು ಊರಿದರು. ಹೊಳೆಯ ಆಚೆ ದಡ ಪೂರ್ತಿ ಕೆಂಪು. ನಮ್ಮ ದಡ ಶುಭ್ರ ಬಿಳಿ.

"ಈ ಜಾತಿ ನಿಮ್ಮ ಕಡೆ ಇಲ್ಲಮ್ಮ. ನಿಮ್ಮ ಯಜಮಾನ್ರು ಸೇತುವೆ ದಾಟಿರ್ಬೇಕು, ವಿಚಾರಿಸಿ" ಎಂದರು.

ನಕ್ಷೆಯಲ್ಲಿ ನಮ್ಮ ಹಿತ್ತಲಿರುವ ಜಾಗಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಬಿತ್ತು, ಪಕ್ಕದಲ್ಲಿ 'ಸಂಶಯಾಸ್ಪದ ದಾಖಲೆ' ಎಂಬ ಟಿಪ್ಪಣಿ. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಆ ಚಿಹ್ನೆ ಇಟ್ಟವರು ಉತ್ತರ ಹುಡುಕಬೇಕು ಎಂದು ತಿಳಿದಿದ್ದೆ. ನಿಮ್ಮಲ್ಲಿ ಅದೇ ಉತ್ತರವಂತೆ.

ಉಣ್ಣಿಯ ಮೇಲಿನ ಸಂಶಯ ಗಂಡನ ಮೇಲೆ ಹತ್ತಲು ಎಷ್ಟು ಹೊತ್ತು? ನಮ್ಮ ಜೊತೆಗಿರುವ ನನ್ನ ಅಮ್ಮ ಸುದ್ದಿ ಕೇಳಿದ್ದೇ ತಡ, ಅಳಿಯನ ಮುಂದೆ ತಟ್ಟೆ ಇಡುವ ಸದ್ದೇ ಬದಲಾಯಿತು. "ಸರ್ಕಾರಕ್ಕೆ ಗೊತ್ತಿರೋದು ನಿಂಗೆ ಗೊತ್ತಿಲ್ವಲ್ಲೇ. ಆಚೆ ದಡದಲ್ಲಿ ಯಾರಿದ್ದಾಳೆ ಕೇಳು" ಎಂದಳು. ಸೇತುವೆ ಕಂಡರೇ ತಲೆ ಸುತ್ತುವ ಮನುಷ್ಯ ನನ್ನ ಗಂಡ. ಪಾಪ, ಜ್ವರದಲ್ಲಿ ನರಳುತ್ತಲೇ, ಇಲ್ಲದ ಹೆಂಗಸಿನ ಬಗ್ಗೆ ಅತ್ತೆಗೆ ಸಮಜಾಯಿಷಿ ಕೊಟ್ಟರು.

ನಮ್ಮ ದಡದ ವೈದ್ಯರು ರೋಗವನ್ನು ಸರಿಯಾಗಿಯೇ ಗುರುತಿಸಿದರು. ಆದರೆ ನಕ್ಷೆ ಕೆಂಪಗಿರುವ ಕಡೆಗೆ ಮಾತ್ರ ಔಷಧಿ ಬರುತ್ತದಂತೆ. ರೋಗಿಯೇ ಖುದ್ದು ಹೋಗಬೇಕಂತೆ. ಗಂಡನ ಕಣ್ಣಿಗೆ ಬಟ್ಟೆ ಕಟ್ಟಿ, ಕೈಗಾಡಿಯಲ್ಲಿ ಕೂರಿಸಿ ಸೇತುವೆ ದಾಟಿಸಿದೆ. ವಾಸಿಯಾಯಿತು. ಬೆನ್ನಿಗೇ ನನ್ನ ಅರ್ಜಿಗೆ ನಿಮ್ಮ ಕಚೇರಿಯ ಉತ್ತರ: 'ಸದರಿ ವ್ಯಕ್ತಿಯು ಆಚೆ ದಡದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿರುವುದರಿಂದ ಹೊಳೆ ದಾಟಿರುವುದು ಸಾಬೀತಾಗಿದೆ.' ಇದನ್ನು ಗಟ್ಟಿಯಾಗಿ ಓದಿದವಳು ಅಮ್ಮ.

ನನ್ನ ಕಾಟ ತಾಳಲಾರದೆ ಕೊನೆಗೆ ಒಬ್ಬ ಪರಿವೀಕ್ಷಕರನ್ನು ಕಳಿಸಿದಿರಿ. ಅವರು ಹುಲ್ಲಿನ ನಡುವೆ ನಿಂತು, ಇಲ್ಲಿ ಈ ಉಣ್ಣಿ ಇರಲು ಏಕೆ ಸಾಧ್ಯವಿಲ್ಲ ಎಂದು ವಿವರಿಸುತ್ತಿದ್ದಾಗಲೇ ಅವರ ಪ್ಯಾಂಟಿನ ಮೇಲೆ ಒಂದು ಹತ್ತುತ್ತಿತ್ತು. ತೋರಿಸಿದವಳೂ ಅಮ್ಮನೇ. ಪರಿವೀಕ್ಷಕರು "ನಮ್ಮನೆ ಆಚೆ ದಡ. ನನ್ನ ಜೊತೆಗೇ ಬಂದಿರುತ್ತೆ" ಎಂದು ಅದನ್ನು ತಮ್ಮ ಮನೆಯ ವಿಳಾಸಕ್ಕೆ ದಾಖಲಿಸಿಕೊಂಡು ಹೊರಟರು. ಮಾನ್ಯರೇ, ನಿಮ್ಮವರ ಮೈಹತ್ತಿದರೆ ಅದು ಸಹಪ್ರಯಾಣಿಕ, ನಮ್ಮವರನ್ನು ಕಚ್ಚಿದರೆ ಮಾತ್ರ ಚಾರಿತ್ರ್ಯದ ಪ್ರಶ್ನೆಯೇ?

ಅಂದಿನಿಂದ ಅಮ್ಮ ಅಳಿಯನ ಮುಂದೆ ತಟ್ಟೆಯನ್ನು ಮೆಲ್ಲಗೆ ಇಡತೊಡಗಿದಳು. ಹೋದ ವಾರ ಅವಳ ಕಂಕುಳಲ್ಲೇ ಉಣ್ಣಿ ಸಿಕ್ಕಿತು. ಮಂಡಿನೋವಿನಿಂದ ಹಿತ್ತಲ ಬೇಲಿಯಾಚೆ ಕಾಲಿಡದವಳು. ನಿಮ್ಮ ಲೆಕ್ಕದಲ್ಲಿ ಅವಳಿಗೂ ಆಚೆ ದಡದಲ್ಲಿ ಯಾರೋ ಇರಬೇಕು. ಜ್ವರ ಏರಿದಾಗ ಅಳಿಯನನ್ನು ಹತ್ತಿರ ಕರೆದು, "ತಪ್ಪು ತಿಳ್ಕೊಂಡೆ, ಅಳಿಯಂದ್ರೆ. ನೀವೆಲ್ಲೂ ಹೋಗಿರ್ಲಿಲ್ಲ" ಎಂದಳು. ಅವರು ಒದ್ದೆಬಟ್ಟೆ ಹಿಂಡಿ ಅವಳ ಹಣೆಗೆ ಹಾಕಿದರು.

ಗಾಡಿ ತಂದು ನಿಲ್ಲಿಸಿದರೆ ಅಮ್ಮ ಹತ್ತುತ್ತಿಲ್ಲ. "ನಾನು ಹೋದ್ರೆ ನಾನೂ ಅಲ್ಲಿಂದಾನೇ ತಂದೆ ಅಂತ ಬರ್ಕೋತಾರೆ. ಇದು ಈ ದಡದ್ದೇ. ಕೊಡೋದಾದ್ರೆ ಇಲ್ಲಿಗೆ ತಂದು ಕೊಡ್ಲಿ" ಅನ್ನುತ್ತಾಳೆ. ಜ್ವರ ಏರುತ್ತಿದೆ, ಹಠ ಇಳಿಯುತ್ತಿಲ್ಲ. ವೈದ್ಯರು ಇನ್ನು ತಡಮಾಡಬೇಡಿ ಎನ್ನುತ್ತಿದ್ದಾರೆ.

ನಕ್ಷೆ ತಿದ್ದಲು ಸಮಿತಿ, ಉಪಸಮಿತಿ ಎಲ್ಲ ಆಗಬೇಕೆಂದು ಬಲ್ಲೆ. ಪುರುಸೊತ್ತಾದಾಗ ತಿದ್ದಿಕೊಳ್ಳಿ. ಔಷಧಿಯನ್ನು ಮಾತ್ರ ಇವತ್ತೇ ಈ ದಡದ ಆಸ್ಪತ್ರೆಗೆ ಕಳಿಸಿ. ತರುವವರು ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿಕೊಂಡು ಬರಲಿ.

ಇಂತಿ,
ಇಲ್ಲದ ಉಣ್ಣಿಗಳನ್ನು ಇರುವವರ ಮೈಯಿಂದ ಕೀಳುತ್ತಿರುವ
ಒಬ್ಬ ಮಗಳು